ಹಗ್ಗದ ದಿಡ್ಡಿ

ಬಂಡೆಯ ಮೇಲಿರುವ ಆ ಊರು ಆಗಾಗ ಹೊರಳುತ್ತದೆ. ಹೊರಳುವುದೆಂದರೆ ಉರುಳಿ ಬೀಳುವುದಲ್ಲ. ನಿದ್ದೆಯಲ್ಲಿ ಮನುಷ್ಯ ಮಗ್ಗುಲು ಬದಲಿಸುತ್ತಾನಲ್ಲ, ಹಾಗೆ ಊರೂ ತನ್ನ ಕಾಲ ಬಂದಾಗ ಮಗ್ಗುಲು ಬದಲಿಸುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಬೀದಿ ಇದ್ದಲ್ಲೇ ಇರುತ್ತದೆ, ಮನೆ ಇದ್ದಲ್ಲೇ ಇರುತ್ತದೆ, ಎಲ್ಲದರ ಅಳತೆ ಮಾತ್ರ ಬೇರೆಯಾಗಿರುತ್ತದೆ. ಹೊಸ್ತಿಲು ತಗ್ಗಿರುತ್ತದೆ. ಮೆಟ್ಟಿಲು ಅಗಲವಾಗಿರುತ್ತದೆ. ಬೀಗದ ಬಾಯಿ ಕಿರಿದಾಗಿರುತ್ತದೆ. ಹೊರಳದೆ ಉಳಿದರೆ ಗೋಡೆಯ ಸಂದಿಗೆ ಹುಳು ಹೊಕ್ಕು ಕಲ್ಲು ಪುಡಿಯಾಗುತ್ತದೆ, ಹಳೆಯ ಬೀಗಗಳ ಗುಟ್ಟು ಕಳ್ಳರಿಗೆ ಬಾಯಿಪಾಠವಾಗುತ್ತದೆ. ಆದ್ದರಿಂದ ಊರು ಹೊರಳಲೇಬೇಕು. ಅದರಲ್ಲಿ ನನ್ನದೇನೂ ತಕರಾರಿಲ್ಲ. ನನ್ನ ತಕರಾರು ಬೇರೆ ಇದೆ, ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ಆ ಊರಿಗೆ ಒಂದು ದೊಡ್ಡ ಬಾಗಿಲು. ಅಕ್ಕಿ ಬರುವುದು ಅಲ್ಲಿಂದ, ಉಪ್ಪು ಬರುವುದು ಅಲ್ಲಿಂದ, ಕದ, ಕೀಲು, ಬೀಗ ಎಲ್ಲ ಬರುವುದು ಅಲ್ಲಿಂದ. ದೊಡ್ಡ ಬಾಗಿಲಿನ ಮನೆತನದವರು ಊರಿನ ಅಳತೆಯನ್ನೂ ತಾವೇ ಹಾಕಿ ಹೊರಗಿನವರಿಗೂ ಸಾರುತ್ತಾರೆ, ಆ ಅಳತೆಗೆ ತಕ್ಕ ಸಾಮಾನನ್ನೂ ತಾವೇ ಮಾಡುತ್ತಾರೆ. ಹಾಗಾಗಿ ಊರು ಎಷ್ಟು ಸಲ ಹೊರಳಿದರೂ ದೊಡ್ಡ ಬಾಗಿಲಿನ ಸಾಮಾನು ಊರಿಗೆ ಸರಿಯಾಗಿ ಕೂರುತ್ತದೆ. ಆದರೆ ಬದುಕಿಗೆ ಬೇಕಾದದ್ದೆಲ್ಲ ಒಂದೇ ಬಾಗಿಲಿನಿಂದ ಬರುವುದುಂಟೇ? ದೊಡ್ಡ ಬಾಗಿಲಿನವರು ಕಾಡಿಗೆ ಮಾಡುವುದಿಲ್ಲ. ಕೆಮ್ಮಿನ ಸೊಪ್ಪು ತರುವುದಿಲ್ಲ. ಸಣ್ಣ ಸೂಜಿ ಅವರಲ್ಲಿಲ್ಲ. ಇಂಥದ್ದು ಬೇಕಾದವರು ತಮ್ಮ ಮನೆಯ ಹಿಂದಿನ ಕೋಟೆಗೋಡೆಯಲ್ಲಿ ಆಳೆತ್ತರದ ಕಿಂಡಿ ಕೊರೆದು, ಹೊರಗಿನಿಂದ ತರಿಸಿಕೊಂಡರು. ಆ ಚಿಕ್ಕ ಬಾಗಿಲುಗಳಿಗೆ ದಿಡ್ಡಿ ಎನ್ನುತ್ತಾರೆ. ಕಾಡಿಗೆಯ ದಿಡ್ಡಿ, ಸೊಪ್ಪಿನ ದಿಡ್ಡಿ, ಸೂಜಿಯ ದಿಡ್ಡಿ. ಸೂಜಿಯ ದಿಡ್ಡಿಯ ಹೊರಗೆ ನಿಲ್ಲುವವನು ನಾನು. ಒಳಗೆ ನಡೆದದ್ದನ್ನು ಕೇಳಿ ತಿಳಿದಿದ್ದೇನೆ, ಹೊರಗೆ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ.

ದಿಡ್ಡಿ ತೆರೆದವರು ಸುಮ್ಮನೆ ತೆರೆಯುವಂತಿಲ್ಲ. ಒಂದು ಮಣ್ಣಿನ ಬಿಲ್ಲೆಯನ್ನು ಎರಡಾಗಿ ಮುರಿಯಬೇಕು. ಒಂದು ಹೋಳನ್ನು ದಿಡ್ಡಿಯ ಒಳಗಡೆ, ಚೌಕಟ್ಟಿನ ಪಟ್ಟಿಯ ಮೇಲೆ ಅಂಟಿಸಬೇಕು. ಇನ್ನೊಂದು ಹೋಳು ಹೊರಗಿನವನ ಮಡಿಲಲ್ಲಿರಬೇಕು. ಅವನು ಬಂದಾಗಲೆಲ್ಲ ಹೋಳಿಗೆ ಹೋಳು ಕೂಡಿಸಿ ನೋಡಬೇಕು, ಕೂಡಿದರೆ ಸಾಮಾನು ಒಳಕ್ಕೆ, ಕೂಡದಿದ್ದರೆ ಬಾಗಿಲು ಮುಖಕ್ಕೆ. ಇದು ಒಳ್ಳೆಯ ಪದ್ಧತಿ. ಯಾವನೋ ದಾರಿಹೋಕ ನನ್ನ ಹೆಸರು ಹೇಳಿಕೊಂಡು ತುಕ್ಕು ಹಿಡಿದ ಸೂಜಿ ದಾಟಿಸುವುದು ನನಗೂ ಬೇಡ.

ಹೊರಳುವ ಮುನ್ನಾದಿನ ಎಲ್ಲ ದಿಡ್ಡಿಗಳನ್ನೂ ಗಾರೆ ಮೆತ್ತಿ ಮುಚ್ಚುತ್ತಾರೆ. ಅದೂ ಸರಿಯೇ. ಹಿಂದೊಮ್ಮೆ ಒಬ್ಬ ಸೋಮಾರಿ ತನ್ನ ದಿಡ್ಡಿ ಮುಚ್ಚಲಿಲ್ಲವಂತೆ. ಊರು ಹೊರಳುತ್ತಿರುವಾಗಲೇ ಆ ದಿಡ್ಡಿಯಿಂದ ಹಳೆಯ ಅಳತೆಯ ಹಲಗೆಗಳು ಒಳಗೆ ಬಂದು ಹೊಸ ಮೆಟ್ಟಿಲುಗಳ ನಡುವೆ ಸೇರಿಕೊಂಡವು. ಕೆಳಗಿನ ಮೆಟ್ಟಿಲು ಹಳೆಯದು, ಮೇಲಿನದು ಹೊಸದು, ಒಂದಕ್ಕೊಂದು ತಾಗುವುದಿಲ್ಲ. ಮಹಡಿಯಿಂದ ಇಳಿಯಲು ಹೊರಟಿದ್ದ ಆ ಮನೆಯವನು ನಡುವಿನ ಮೆಟ್ಟಿಲಲ್ಲಿ ಸಿಕ್ಕಿಕೊಂಡ. ಮೇಲಕ್ಕೂ ಹೋಗಲಾರ, ಕೆಳಕ್ಕೂ ಬರಲಾರ. ಈಗಲೂ ಅಲ್ಲೇ ನಿಂತಿದ್ದಾನೆ, ಮನೆಯವರು ಊಟವನ್ನು ಕೋಲಿಗೆ ಕಟ್ಟಿ ಕೊಡುತ್ತಾರೆ. ಆದ್ದರಿಂದ ಮುಚ್ಚಬಾರದಿತ್ತು ಎಂದು ನಾನು ಯಾವತ್ತೂ ಹೇಳಿದವನಲ್ಲ.

ಪದ್ಧತಿಗೆ ಎರಡನೆಯ ಅರ್ಧವೊಂದಿದೆ. ಊರು ಹೊರಳಿ ನಿಂತ ಮೇಲೆ, ದಿಡ್ಡಿ ತೆರೆದವರು ತಮ್ಮ ದಿಡ್ಡಿಯ ಹತ್ತಿರ ಹೋಗಬೇಕು. ಗಾರೆಯ ಮೇಲೆ ಕೈಯಿಂದ ತಟ್ಟಿ ಕೇಳಬೇಕು, ಇದ್ದೀಯಾ? ಹೊಸ ಅಳತೆಗೆ ಮಾಡಿದ್ದೀಯಾ? ಹೊರಗಿನವನು ಹೌದೆಂದರೆ ಗಾರೆ ಒಡೆದು, ಹೋಳಿಗೆ ಹೋಳು ಕೂಡಿಸಿ, ದಿಡ್ಡಿ ತೆರೆಯಬೇಕು. ಹೊರಗಿನಿಂದ ಉತ್ತರವೇ ಬರದಿದ್ದರೆ ಅಲ್ಲಿಗೆ ಕಲ್ಲು ಕಟ್ಟಿ ಗೋಡೆ ಮಾಡಬೇಕು, ಮತ್ತು ಆ ದಿಡ್ಡಿಯಿಂದ ಬಂದ ಸಾಮಾನು ಯಾವ ಯಾವ ಮನೆಯಲ್ಲಿದೆಯೋ ಅಲ್ಲಿಂದೆಲ್ಲ ಹೊರಗೆ ಹಾಕಬೇಕು. ಕೇಳುವುದು, ಕೂಡಿಸುವುದು, ತೆರೆಯುವುದು, ಇಲ್ಲವೇ ಕಿತ್ತೆಸೆಯುವುದು. ಇಷ್ಟೇ ಕೆಲಸ.

ಆದರೆ ಮುಚ್ಚುವುದಕ್ಕೆ ಹಬ್ಬವಿದೆ, ತೆರೆಯುವುದಕ್ಕೆ ಇಲ್ಲ. ಮುಚ್ಚುವ ದಿನ ಊರಿನ ಯಜಮಾನ ಜರಿಯಂಚಿನ ಪಂಚೆ ಉಟ್ಟು ದಿಡ್ಡಿಯಿಂದ ದಿಡ್ಡಿಗೆ ಮೆರವಣಿಗೆ ಬರುತ್ತಾನೆ. ಗಾರೆಯವನು ಬಾಣಲೆ ಹೊತ್ತು ಹಿಂದೆ ಬರುತ್ತಾನೆ. ಗಾರೆ ಮೆತ್ತುತ್ತಾರೆ, ಕರಣೆಯಿಂದ ಸವರುತ್ತಾರೆ. ಯಜಮಾನ "ಮುಚ್ಚಿತು" ಎನ್ನುತ್ತಾನೆ, ಜನ "ಭದ್ರವಾಯಿತು" ಎನ್ನುತ್ತಾರೆ. ಮುಚ್ಚಿತು, ಭದ್ರವಾಯಿತು. ಮುಚ್ಚಿತು, ಭದ್ರವಾಯಿತು. ಮನೆಮನೆಗೆ ಪಾಯಸ ಹಂಚುತ್ತಾರೆ. ತೆರೆಯುವ ದಿನಕ್ಕೆ ಪಾಯಸವೂ ಇಲ್ಲ, ಪಂಚೆಯೂ ಇಲ್ಲ. ಒಬ್ಬೊಬ್ಬರೇ ಹೋಗಿ ಗೋಡೆಗೆ ಕಿವಿಯಿಟ್ಟು ನಿಲ್ಲಬೇಕು. ಯಾರಿಗೆ ಬೇಕು ಆ ರಗಳೆ? ಮೊದಮೊದಲು ಮಾರನೆಯ ದಿನ ಹೋಗುತ್ತಿದ್ದರು, ಆಮೇಲೆ ಪುರುಸೊತ್ತಾದಾಗ ಹೋಗುತ್ತಿದ್ದರು, ಆಮೇಲೆ ಹೋಗುವುದನ್ನೇ ಬಿಟ್ಟರು. ಒಳಗಿದ್ದ ಹಳೆಯ ಕಾಡಿಗೆಯನ್ನೇ ಹಚ್ಚಿಕೊಂಡರು, ಕಣ್ಣು ಉರಿದರೆ ಬಿಸಿಲು ಜಾಸ್ತಿ ಎಂದರು. ನನ್ನ ಹಳೆಯ ಸೂಜಿಗಳಿಂದಲೇ ಹೊಲಿದರು, ಬಟ್ಟೆ ಹರಿದರೆ ನೂಲು ಸರಿಯಿಲ್ಲ ಎಂದರು. ಇದ್ದದ್ದು ನಡೆಯುತ್ತಿದೆಯಲ್ಲ ಎಂಬುದು ಆ ಊರಿನವರಿಗೆ ದೇವರ ನಾಮವಿದ್ದ ಹಾಗೆ.

ಈಗ ಬಾವಿಯ ವಿಷಯಕ್ಕೆ ಬರುತ್ತೇನೆ. ಆ ಊರಿಗೆ ಇರುವುದು ಒಂದೇ ಬಾವಿ. ಬಂಡೆ ಕೊರೆದು ಇಳಿಸಿದ್ದು, ಬಗ್ಗಿ ನೋಡಿದರೆ ನೀರು ಕಾಣುವುದಿಲ್ಲ, ಅದರ ತಂಪು ಮಾತ್ರ ಮುಖಕ್ಕೆ ತಾಗುತ್ತದೆ. ದೊಡ್ಡ ಬಾಗಿಲಿನಿಂದ ಬರುವ ಹಗ್ಗ ಆ ನೀರನ್ನು ಮುಟ್ಟುವುದಿಲ್ಲ. ಅಷ್ಟುದ್ದದ ಹಗ್ಗ ಯಾವ ಊರಿಗೂ ಬೇಕಾಗುವುದಿಲ್ಲ ಎಂದು ದೊಡ್ಡ ಬಾಗಿಲಿನವರು ಹೇಳಿಬಿಟ್ಟರಂತೆ. ಹಾಗೆಂದು ಬಾಯಾರಿಕೆ ಕೇಳುತ್ತದೆಯೇ? ಬಾವಿಯ ಹತ್ತಿರವಿದ್ದ ಒಬ್ಬ ಮುದುಕಿ, ಅವಳು ಹರೆಯದಲ್ಲಿದ್ದಾಗ, ಕೂಗಳತೆಯಲ್ಲಿದ್ದ ಗೋಡೆಗೆ ದಿಡ್ಡಿ ಕೊರೆದು ಹೊರಗಿನ ಹಗ್ಗದವನಿಂದ ಉದ್ದದ ಹಗ್ಗ ತರಿಸಿದಳು. ಊರೆಲ್ಲ ನೀರು ಕುಡಿದದ್ದು ಆ ಹಗ್ಗದಿಂದ. ಬೇರೆಯವರು ಮರೆತರೂ ಮುದುಕಿ ಮರೆಯುತ್ತಿರಲಿಲ್ಲ. ಪ್ರತಿ ಸಲ ಊರು ಹೊರಳಿದ ಮೇಲೆ ಕೋಲೂರಿಕೊಂಡು ಹೋಗಿ ತಟ್ಟುತ್ತಿದ್ದಳು, ಕೇಳುತ್ತಿದ್ದಳು, ಹಳೆಯ ಹಗ್ಗ ಇಳಿಸಿ ಹೊಸ ಹಗ್ಗ ಏರಿಸುತ್ತಿದ್ದಳು.

ಈ ಸಲ ಊರು ಹೊರಳುವ ಸ್ವಲ್ಪ ಮೊದಲು ಮುದುಕಿ ತೀರಿಕೊಂಡಳು. ಅವಳ ಒಡವೆಗೆ ವಾರಸುದಾರರು ಬಂದರು, ಮನೆಗೆ ವಾರಸುದಾರರು ಬಂದರು, ದಿಡ್ಡಿಗೆ ಯಾರೂ ಬರಲಿಲ್ಲ. ಮುಚ್ಚುವ ಹಬ್ಬದಲ್ಲಿ ಮೆರವಣಿಗೆ ಹಗ್ಗದ ದಿಡ್ಡಿಯ ಮುಂದೆ ಬಂದಾಗ, ಇದನ್ನು ಯಾರ ಕೈಯಿಂದ ಮುಚ್ಚಿಸುವುದು ಎಂಬ ಪ್ರಶ್ನೆ ಬಂತು. ಯಜಮಾನ ಹೆಚ್ಚು ಯೋಚಿಸಲಿಲ್ಲ. ಊರಿನ ಪರವಾಗಿ ಮುಚ್ಚೋಣ ಎಂದ. ಗಾರೆಯವನು ಊರಿನ ಪರವಾಗಿ ಮೆತ್ತಿದ. ಮುಚ್ಚಿತು ಎಂದರು, ಭದ್ರವಾಯಿತು ಎಂದರು. ಊರಿನ ಪರವಾಗಿ ಮುಚ್ಚಿದ್ದನ್ನು ಯಾರ ಪರವಾಗಿ ತೆರೆಯಬೇಕೆಂದು ಅಲ್ಲಿ ಒಬ್ಬರೂ ಕೇಳಲಿಲ್ಲ.

ಬಾವಿಯನ್ನು ನೋಡಿಕೊಳ್ಳುವವರು ಗಂಡ ಹೆಂಡತಿ ಇಬ್ಬರು. ಗಂಡ ಹಗ್ಗ ಹಿಡಿದು ಕೆಳಗಿಳಿದು ಕೆಸರು ಬಾಚಿ ಕಳಿಸುತ್ತಾನೆ, ಅವನನ್ನು ಇಳಿಯುವವನು ಎಂದು ಕರೆಯುತ್ತಾರೆ. ಹೆಂಡತಿ ಮೇಲೆ ರಾಟೆಯ ಬಳಿ ನಿಂತು ಅವನ ಭಾರ ಹಿಡಿಯುತ್ತಾಳೆ, ಅವಳು ರಾಟೆಯವಳು. ಆ ಹಗ್ಗದ ಒಂದು ತುದಿಯಲ್ಲಿ ಅವಳ ಕೈ, ಇನ್ನೊಂದು ತುದಿಯಲ್ಲಿ ಅವಳ ಗಂಡನ ಜೀವ.

ಊರು ಹೊರಳಿತು. ರಾಟೆಯ ಅಳತೆಯೂ ಹೊರಳಿತು. ಹಗ್ಗ ಕೂರುವ ಅದರ ತೋಡು ಮೊದಲು ಅಗಲವಾಗಿ ದುಂಡಗಿತ್ತು, ಈಗ ಕಿರಿದಾಗಿ ಚೂಪಾಯಿತು. ಹಳೆಯ ಹಗ್ಗ ಅದರಲ್ಲಿ ಬಿಗಿಯಾಗಿ ಓಡತೊಡಗಿತು. ನೀರು ಬರುತ್ತಿತ್ತು. ಕೊಡ ತುಂಬುತ್ತಿತ್ತು. ಹೊರಗಡೆ ಹಗ್ಗದವನು ಹೊಸ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದು ಗೋಡೆ ತಟ್ಟತೊಡಗಿದ. ಒಳಗೆ ಯಾರೂ ಗಾರೆಗೆ ಕಿವಿಯಿಟ್ಟು ನಿಲ್ಲದಿದ್ದರೆ ಕೂಗಿದ ಮಾತು ಗೋಡೆಯ ದಪ್ಪದಲ್ಲಿ ಸೋರಿಹೋಗುತ್ತದೆ, ತಟ್ಟುವುದು ಮಾತ್ರ ಒಳಗೆ ಕೇಳಿಸುತ್ತದೆ. ಅವನು ದಿನಾ ಬಂದು ತಟ್ಟುತ್ತಿದ್ದ. ಪಕ್ಕದ ದಿಡ್ಡಿಯಲ್ಲಿ ನಾನೂ ತಟ್ಟುತ್ತಿದ್ದೆ. ನನ್ನದು ಬರೀ ಸೂಜಿ, ತೆರೆಯದಿದ್ದರೆ ಒಂದಷ್ಟು ಅಂಗಿ ಹರಿಯುತ್ತವೆ. ಅವನು ತಟ್ಟುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ಹಳೆಯದು ಹೊಸ ರಾಟೆಗೆ ಆಗುವುದಿಲ್ಲ, ಒಳಗೆ ಯಾರಾದರೂ ಅದರಲ್ಲಿ ಇಳಿದರೆ ಗತಿಯೇನು ಎಂದು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದ. ನನ್ನ ಹತ್ತಿರ ಹೇಳಿ ಏನು ಪ್ರಯೋಜನ, ನಾನೂ ಹೊರಗಿನವನೇ.

ತಟ್ಟುವ ಸದ್ದು ಒಳಗೆ ಎಲ್ಲರಿಗೂ ಕೇಳಿಸುತ್ತಿತ್ತು. ಮುಚ್ಚಿದ ದಿಡ್ಡಿಯ ಹೊರಗೆ ತಟ್ಟುವವರನ್ನು ಮಾತಾಡಿಸಬಾರದು ಎಂದು ಯಜಮಾನ ಸಾರಿಸಿದ್ದ. ಕ್ರಮೇಣ ಅವರಿಗೆ ಆ ಸದ್ದು ಗೋಡೆಗಡಿಯಾರದಂತೆ ರೂಢಿಯಾಯಿತು. ಮಕ್ಕಳು ಅದರ ತಾಳಕ್ಕೆ ಕುಣಿಯುತ್ತಿದ್ದರಂತೆ. ರೂಢಿಯಾಗದೆ ಉಳಿದದ್ದು ರಾಟೆಯವಳಿಗೆ. ಬೆಳಿಗ್ಗೆ ಬಾವಿಕಟ್ಟೆ ಗುಡಿಸುವಾಗ ರಾಟೆಯ ಕೆಳಗೆ ನಾರಿನ ಪುಡಿ ಬಿದ್ದಿರುತ್ತಿತ್ತು. ದಿನದಿಂದ ದಿನಕ್ಕೆ ಜಾಸ್ತಿ ಬೀಳುತ್ತಿತ್ತು. ಅವಳು ಆ ಪುಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಯಜಮಾನನ ಮನೆಗೆ ಹೋದಳು.

"ಯಜಮಾನ್ರೇ, ಹಗ್ಗದ ದಿಡ್ಡಿ ಆಚೆ ದಿನಾ ತಟ್ತಾ ಇದ್ದಾರೆ. ಒಂದು ಮಾತು ಕೇಳಿಬಿಡೋಣ."

"ಹಗ್ಗ ತುಂಡಾಗಿದೆಯೇನಮ್ಮಾ?"

"ಇಲ್ಲ."

"ನೀರು ಬರ್ತಾ ಇಲ್ವಾ?"

"ಬರ್ತಿದೆ."

"ಮತ್ತೆ ಏನು ತೊಂದರೆ?"

ಅವಳು ಸೆರಗು ಬಿಚ್ಚಿ ನಾರಿನ ಪುಡಿ ತೋರಿಸಿದಳು. ಯಜಮಾನ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, ಹಗ್ಗವೆಂದ ಮೇಲೆ ನಾರು ಉದುರುತ್ತದೆ ಎಂದ. ಅವಳು ಬಿಡಲಿಲ್ಲ. ದಿಡ್ಡಿಯನ್ನು ತನ್ನ ಹೆಸರಿಗೆ ಕೊಡಿ, ತಾನೇ ತಟ್ಟಿ ಕೇಳುತ್ತೇನೆ, ಮುಂದೆ ಮುಚ್ಚುವುದೂ ತೆರೆಯುವುದೂ ತನ್ನದೇ ಜವಾಬ್ದಾರಿ ಎಂದಳು. ಅವನಿಗೆ ನಗು ಬಂತಂತೆ. ದಿಡ್ಡಿ ತೆರೆದವರಿಗೆ ಮಾತ್ರ ದಿಡ್ಡಿ ಸೇರುತ್ತದೆ, ಇದು ಮುಚ್ಚಿದೆ, ಮುಚ್ಚಿದ್ದನ್ನು ಅದು ಯಾರದೋ ಅವರೇ ತೆರೆಯಬೇಕು, ಇದು ಯಾರದೂ ಅಲ್ಲ ಎಂದು ಸಮಾಧಾನವಾಗಿ ಬಿಡಿಸಿ ಹೇಳಿದ. ಊರಿನ ಸಭೆ ಸೇರಿ ತೀರ್ಮಾನಿಸಬಹುದು, ಸಭೆ ಸೇರುವುದು ಮುಂದಿನ ಸಲ ಊರು ಹೊರಳುವ ಹೊತ್ತಿಗೆ. ಅಲ್ಲಿಯ ತನಕ ಎಲ್ಲ ಭದ್ರವಾಗಿದೆ, ಹೋಗಿ ಬಾ ಎಂದು ಕಳಿಸಿದ.

ಹೊರಳಿದ ಊರಿನಲ್ಲಿ ಮಣ್ಣು ಅಲ್ಲಾಡಿರುತ್ತದೆ. ಬಾವಿಯ ನೀರು ಕದಡಿ ಕೊಡದ ತಳದಲ್ಲಿ ಕೆಸರು ನಿಲ್ಲತೊಡಗಿತು. ಕೆಸರು ಎತ್ತಿಸು ಎಂದು ಯಜಮಾನನ ಮನೆಯಿಂದ ಆಜ್ಞೆ ಬಂತು. ಗೋಡೆಯ ಆಚೆ ತಟ್ಟುವುದನ್ನು ಕೇಳಲು ಕಿವಿಯಿಲ್ಲದವರಿಗೆ ತಮ್ಮ ಲೋಟದ ಕೆಸರು ಮಾತ್ರ ಕೂಡಲೇ ಕಾಣುತ್ತದೆ. ಇಳಿಯುವವನು ಪಂಚೆ ಎತ್ತಿ ಕಟ್ಟಿದ. ರಾಟೆಯವಳು ಅವನ ತೋಳು ಹಿಡಿದಳು.

"ಇವತ್ತು ಬೇಡ ರೀ. ಹಗ್ಗ ತಿಂದುಹೋಗ್ತಾ ಇದೆ."

"ಕೆಸರು ಎತ್ತದೆ ಇದ್ರೆ ಮಕ್ಕಳುಮರಿ ಏನು ಕುಡೀತಾವೆ? ಮೇಲೆ ನೀನು ಹಿಡ್ಕೊಂಡಿರ್ತೀಯಲ್ಲ, ನನಗೇನು ಭಯ."

ಅವನು ಇಳಿದ. ಅವಳು ಹಿಡಿದಳು. ಹಗ್ಗ ಕೈಯಿಂದ ಕೈಗೆ ಜಾರಿತು, ರಾಟೆ ಕಿರುಗುಟ್ಟಿತು, ಅವನ ತಲೆ ಕತ್ತಲಿಗೆ ಸೇರಿತು. ಅವನು ಕೆಸರು ಬಾಚಿ ಕಳಿಸಿ ಮುಗಿಸಿದ, ಅವಳು ಎಳೆಯತೊಡಗಿದಳು, ಎಷ್ಟೋ ಹೊತ್ತು ಭಾರ ಇತ್ತು. ಆಮೇಲೆ ಹಗ್ಗ ಅವಳ ಕೈಯಲ್ಲೇ ಇತ್ತು, ಹಗ್ಗದಲ್ಲಿ ಭಾರ ಇರಲಿಲ್ಲ.

ಜನ ಓಡಿ ಬಂದರು. ಬಾವಿಯ ಸುತ್ತ ನಿಂತು ಬಗ್ಗಿ ನೋಡಿದರು. ಕೆಳಗಿನಿಂದ ದನಿ ಬಂತು. ಅವನು ಬದುಕಿದ್ದ. ಸೊಂಟ ಮುರಿದು ಎದೆಮಟ್ಟದ ನೀರಿನಲ್ಲಿ ಕಲ್ಲು ತಬ್ಬಿಕೊಂಡಿದ್ದ.

"ಹಗ್ಗ ಬಿಡಿ" ಎಂದು ಕೂಗಿದ.

ದೊಡ್ಡ ಬಾಗಿಲಿನ ಹಗ್ಗ ತಂದು ಬಿಟ್ಟರು. ಅದು ನಡುವಿಗೇ ಮುಗಿಯಿತು. ಎರಡನ್ನು ಸೇರಿಸಿ ಗಂಟು ಹಾಕಿದರು. ಹೊಸ ಅಳತೆಯ ಹಗ್ಗ ನುಣುಪಾದದ್ದು, ಗಂಟು ಹಿಡಿಯುವುದಿಲ್ಲ, ಒಂದು ಕೊಡದ ಭಾರಕ್ಕೇ ಜಾರಿ ಬಿಚ್ಚಿಕೊಂಡಿತು. ಮತ್ತೆ ಹಾಕಿದರು, ಮತ್ತೆ ಬಿಚ್ಚಿತು.

"ಹಗ್ಗ ಬಿಡಿ."

ಆಗ ರಾಟೆಯವಳು ದಿಡ್ಡಿ ಒಡೆಯಿರಿ ಎಂದಳು. ಉದ್ದದ ಹಗ್ಗ ಆ ಗೋಡೆಯ ಆಚೆ ಇದೆ, ಕೂಗಳತೆಯಲ್ಲಿದೆ ಎಂದಳು. ಜನ ಯಜಮಾನನ ಮುಖ ನೋಡಿದರು. ಯಜಮಾನ ಅಲ್ಲೇ ಬಾವಿಕಟ್ಟೆಯ ಮೇಲೆ ಸಭೆ ಸೇರಿಸಿದ. ಅಂಥ ಅವಸರದಲ್ಲಿ ಸಭೆ ಸೇರಿಸಿದ್ದೇ ತನ್ನ ದೊಡ್ಡತನವೆಂದು ಆಮೇಲೆ ಹೇಳಿಕೊಂಡನಂತೆ. ಒಬ್ಬ ಹಿರಿಯ, ಆಚೆ ನಿಂತವನು ನಮ್ಮ ಹಗ್ಗದವನೇ ಎಂದು ಏನು ಖಾತ್ರಿ ಎಂದ. ಸರಿಯಾದ ಮಾತು. ಇನ್ನೊಬ್ಬ, ತಂದ ಹಗ್ಗ ಹೊಸ ರಾಟೆಗೆ ಕೂರದಿದ್ದರೆ ರಾಟೆಯೇ ಒಡೆದೀತು ಎಂದ. ಸರಿಯಾದ ಮಾತು. ಮತ್ತೊಬ್ಬ, ಇವತ್ತು ಹಗ್ಗಕ್ಕೆ ತೆರೆದರೆ ನಾಳೆ ಕಾಡಿಗೆಗೂ ತೆರೆಯಬೇಕಾಗುತ್ತದೆ, ಊರಿಗೆ ಒಂದು ಶಿಸ್ತು ಬೇಡವೇ ಎಂದ. ಒಂದೊಂದು ಮಾತೂ ಸರಿಯಾಗಿತ್ತು. ನನಗೆ ಸಿಟ್ಟು ಬರುವುದೇ ಅಲ್ಲಿ. ಹೋಳಿಗೆ ಹೋಳು ಕೂಡಿಸಿದರೆ ಮೊದಲನೆಯವನ ಪ್ರಶ್ನೆಗೆ ಉತ್ತರ. ತಟ್ಟಿ ಕೇಳಿದರೆ ಎರಡನೆಯವನ ಪ್ರಶ್ನೆಗೆ ಉತ್ತರ. ಉತ್ತರ ಗೋಡೆಯ ಆಚೆ ನಿಂತು ದಿನಾ ತಟ್ಟುತ್ತಿತ್ತು, ಇವರು ಈಚೆ ನಿಂತು ಪ್ರಶ್ನೆಯ ಗಾಂಭೀರ್ಯಕ್ಕೆ ತಲೆದೂಗುತ್ತಿದ್ದರು.

"ಹಗ್ಗ ಬಿಡಿ" ಎಂದು ಕೆಳಗಿನಿಂದ ಬಂತು. ಈ ಸಲ ದನಿ ಸಣ್ಣಗಾಗಿತ್ತು. ಸಭೆಯಲ್ಲಿ ಒಬ್ಬ, ಸ್ವಲ್ಪ ಸುಮ್ಮನಿರಪ್ಪಾ ನಿನ್ನ ವಿಷಯವೇ ಮಾತಾಡ್ತಿದ್ದೀವಿ ಎಂದು ಬಾವಿಯೊಳಕ್ಕೆ ಕೂಗಿ ಹೇಳಿದನಂತೆ.

ರಾಟೆಯವಳು ಅಲ್ಲಿಂದ ಎದ್ದಳು. ಮನೆಯಿಂದ ಹಾರೆ ತಂದಳು. ಗೋಡೆಯ ಹತ್ತಿರ ಹೋಗಿ ಮೊದಲು ಕೈಯಿಂದ ತಟ್ಟಿದಳು.

ಆ ತಟ್ಟುವಿಕೆ ನಾನು ಕೇಳಿದ್ದೇನೆ. ಹಗ್ಗದವನೂ ನಾನೂ ಹೊರಗೆ ಕೂತಿದ್ದೆವು. ಇಷ್ಟು ಕಾಲ ನಾವು ತಟ್ಟುತ್ತಿದ್ದ ಗೋಡೆ ನಮ್ಮನ್ನು ತಟ್ಟಿತು. ಹಗ್ಗದವನು ಎದ್ದು ನಿಂತು ಎರಡೂ ಕೈಯಿಂದ ತಿರುಗಿ ತಟ್ಟಿದ. ಒಳಗಿನಿಂದ ಹಾರೆಯ ಏಟು ಶುರುವಾಯಿತು. ಗಾರೆ ಚಕ್ಕೆಚಕ್ಕೆಯಾಗಿ ಬಿತ್ತು. ಮೊದಲು ಹಾರೆಯ ತುದಿ ಕಂಡಿತು, ಆಮೇಲೆ ಧೂಳು ಮೆತ್ತಿದ ಒಂದು ಕೈ, ಆಮೇಲೆ ಅವಳ ಮುಖ. ಅಂಥ ಹೊತ್ತಿನಲ್ಲೂ ಅವಳು ಪದ್ಧತಿ ಬಿಡಲಿಲ್ಲ, ಅದನ್ನು ಆ ಊರಿನ ಹಿರಿಯರೆಲ್ಲ ಕೇಳಿಸಿಕೊಳ್ಳಲಿ.

"ಗುರುತು ತೋರಿಸಣ್ಣ" ಎಂದಳು.

ಅವನು ಮಡಿಲಿನಿಂದ ಹೋಳು ತೆಗೆದು ಕೊಟ್ಟ. ಅವಳು ಅದನ್ನು ಪಟ್ಟಿಯ ಮೇಲಿನ ಹೋಳಿಗೆ ಹಿಡಿದಳು. ಒಂದು ಕೂದಲೆಳೆ ಸಂದಿಲ್ಲದೆ ಕೂಡಿಕೊಂಡಿತು.

"ಹೊಸ ಅಳತೆಗೆ ಆಗುತ್ತಾ ಇದು?"

"ಊರು ಹೊರಳಿದ ಮಾರನೇ ದಿನದಿಂದ ಇದನ್ನೇ ಹೊತ್ಕೊಂಡು ಬರ್ತಾ ಇದ್ದೀನಿ ತಾಯಿ. ಹೊಸ ರಾಟೆಗೇ ಹೊಸೆದಿದ್ದು. ಹಳೇದರಲ್ಲಿ ಯಾರನ್ನೂ ಇಳಿಸಬೇಡಿ ಅಂತ ಹೇಳೋಕೆ ತಟ್ತಾ ಇದ್ದೆ."

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಓಡಿದಳು. ಅವಳ ಹಿಂದೆ ಹಗ್ಗದವನೂ, ಅವನ ಹಿಂದೆ ನಾನೂ ಓಡಿದೆವು. ಊರಿನ ಒಳಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು. ಕೇಳಿದ್ದು, ಕೂಡಿಸಿದ್ದು, ತೆರೆದದ್ದು, ಎಲ್ಲ ಸೇರಿ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಹಿಡಿದಿರಲಿಕ್ಕಿಲ್ಲ. ಅಷ್ಟು ಹೊತ್ತು ಆ ಊರಿನ ಹತ್ತಿರ ಇರಲಿಲ್ಲ.

ಬಾವಿಕಟ್ಟೆಯ ಮೇಲೆ ಸಭೆ ಇನ್ನೂ ನಡೆಯುತ್ತಿತ್ತು. ಬಾವಿಯೊಳಗೆ ಸದ್ದಿರಲಿಲ್ಲ. ಅದು ಯಾವಾಗ ನಿಂತಿತೆಂದು ಅಲ್ಲಿದ್ದ ಯಾರಿಗೂ ಹೇಳಲಾಗಲಿಲ್ಲ, ಮಾತಿನ ಭರದಲ್ಲಿ ಗಮನ ಹೋಗಿರಲಿಲ್ಲ. ಹಗ್ಗದವನು ಹೊಸ ಹಗ್ಗವನ್ನು ರಾಟೆಗೆ ಏರಿಸಿದ. ಮಾಡಿಟ್ಟ ಹಾಗೆ ಕೂತಿತು. ರಾಟೆಯವಳು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡು, ತಾನೇ ಇಳಿಯುತ್ತೇನೆ, ಹಿಡಿಯಿರಿ ಎಂದಳು. ಹಗ್ಗದವನು ಹಿಡಿದ, ನಾನು ಹಿಡಿದೆ, ಗಾರೆಯವನು ಬಂದು ಹಿಡಿದ. ಹಗ್ಗ ನೀರು ಮುಟ್ಟಿ ಇನ್ನೂ ಮಿಕ್ಕಿತು. ಎಳೆಯಿರಿ ಎಂದು ಕೆಳಗಿನಿಂದ ಅವಳ ದನಿ ಬಂದಾಗ ಎಳೆದೆವು. ಮೇಲೆ ಬಂದವನು ಅವಳ ಗಂಡನೇ. ಮೈ ತಣ್ಣಗಿತ್ತು. ಉಗುರುಗಳಲ್ಲಿ ಪಾಚಿ ತುಂಬಿತ್ತು. ಎಷ್ಟು ಹೊತ್ತು ಕಲ್ಲು ಹಿಡಿದಿದ್ದನೋ ಆ ಪುಣ್ಯಾತ್ಮ. ಅವನನ್ನು ಕಟ್ಟೆಯ ಮೇಲೆ ಮಲಗಿಸಿ, ಮತ್ತೆ ಹಗ್ಗ ಬಿಟ್ಟು ಅವಳನ್ನು ಮೇಲೆತ್ತಿದೆವು.

ಅವನನ್ನು ಮಣ್ಣು ಮಾಡಿ ಬಂದ ಮೇಲೆ ಯಜಮಾನ ಬಾವಿಕಟ್ಟೆಯ ಮೇಲೆ ನಿಂತು ಮಾತಾಡಿದ. ಇಳಿಯುವವನ ನಿಷ್ಠೆಯನ್ನು ಹೊಗಳಿದ. ಆಮೇಲೆ, ಅವನ ಸಾವು ಊರಿಗೊಂದು ಪಾಠ ಎಂದ. ನಂಬಿ ಇಳಿದವನನ್ನು ಕೊಂದದ್ದು ಹೊರಗಿನ ಹಗ್ಗ, ಊರಿನ ಹಗ್ಗ ಯಾರನ್ನಾದರೂ ಕೊಂದದ್ದುಂಟೇ ಎಂದು ಕೇಳಿದ. ನೀರನ್ನೇ ಮುಟ್ಟದ ಹಗ್ಗ ಯಾರನ್ನು ಕೊಂದೀತು ಎಂದು ನನ್ನ ನಾಲಿಗೆಯ ತುದಿಗೆ ಬಂತು. ಜನ ತಲೆಯಾಡಿಸುತ್ತಿದ್ದರು. ಎಲ್ಲರ ಸೊಂಟದಲ್ಲೂ ತುಂಬಿದ ಕೊಡ. ಆಗಷ್ಟೇ ಹೊಸ ಹಗ್ಗದಲ್ಲಿ ಸೇದಿಕೊಂಡದ್ದು. ತಿಳಿನೀರು, ಕೆಸರಿಲ್ಲ. ಹೊರಗಿನ ಹಗ್ಗವನ್ನು ಬೈಯುವುದನ್ನು ಕೇಳಿಸಿಕೊಳ್ಳುತ್ತ ಆ ಕೊಡಗಳನ್ನು ತುಳುಕದ ಹಾಗೆ ಜೋಪಾನವಾಗಿ ಹಿಡಿದುಕೊಂಡಿದ್ದರು.

ಯಜಮಾನ ರಾಟೆಯವಳ ಕಡೆ ತಿರುಗಿದ. ದುಃಖದಲ್ಲಿರುವವಳನ್ನು ಕೇಳಬಾರದು, ಆದರೆ ಕೇಳದೆ ವಿಧಿಯಿಲ್ಲ ಎಂದ. ಊರಿನ ಪರವಾಗಿ ಮುಚ್ಚಿದ ಗೋಡೆಯನ್ನು ಯಾರ ಅಪ್ಪಣೆ ಪಡೆದು ಒಡೆದೆ ಎಂದು ಕೇಳಿದ.

"ಅವರು ಕೆಳಗಿನಿಂದ ಕೂಗ್ತಾ ಇದ್ರು" ಎಂದಳು. "ನಿಮಗೂ ಕೇಳಿಸ್ತಿತ್ತು."

ಯಜಮಾನ ಗಂಟಲು ಸರಿಮಾಡಿಕೊಂಡು, ಸಂಜೆಯೊಳಗೆ ದಿಡ್ಡಿಗೆ ಗಾರೆ ಮೆತ್ತಬೇಕೆಂದು ಗಾರೆಯವನಿಗೆ ಹೇಳಿ ಮನೆಗೆ ಹೋದ. ಹೊಸ ಹಗ್ಗ ಮಾತ್ರ ರಾಟೆಯ ಮೇಲೆ ಇರಲಿ ಎಂದೂ ಹೇಳಿದ. ಇದ್ದದ್ದು ನಡೆಯಲಿ.

ಗಾರೆಯವನು ಸುಣ್ಣ ಮರಳು ಕಲಸಿ ಬಾಣಲೆ ತುಂಬಿಕೊಂಡು ದಿಡ್ಡಿಯ ಹತ್ತಿರ ಬಂದ. ರಾಟೆಯವಳು ದಿಡ್ಡಿಯ ಹೊಸ್ತಿಲ ಮೇಲೆ ಕೂತಿದ್ದಳು. ಒಂದು ಕಾಲು ಊರಿನೊಳಗೆ, ಒಂದು ಕಾಲು ಹೊರಗೆ. ಎದ್ದೇಳಕ್ಕ ಎಂದು ಅವನು ಮೆಲ್ಲಗೆ ಹೇಳಿದ. ಅವಳು ಏಳಲಿಲ್ಲ. ತನ್ನನ್ನೂ ಸೇರಿಸಿ ಮೆತ್ತು ಎಂದಳು. ಅವನು ಕರಣೆ ಹಿಡಿದು ನಿಂತ. ಸಂಜೆಯಾಯಿತು. ಬಾಣಲೆಯಲ್ಲಿದ್ದ ಗಾರೆ ಬಿಗಿಯಿತು, ಕಲ್ಲಾಯಿತು. ಅವನು ಬಾಣಲೆಯನ್ನು ಅಲ್ಲೇ ಬಿಟ್ಟು ಮನೆಗೆ ಹೋದ. ಮತ್ತೆ ಕಲಸಲಿಲ್ಲ.

ಅವಳು ಈಗಲೂ ಅಲ್ಲೇ ಕೂರುತ್ತಾಳೆ. ನಾನು ಸೂಜಿ ಹೊತ್ತು ಆ ಕಡೆ ಹೋದಾಗಲೆಲ್ಲ ಕಾಣುತ್ತಾಳೆ. ಹಗ್ಗದವನು ಬಂದರೆ ಹೋಳಿಗೆ ಹೋಳು ಕೂಡಿಸಿ ನೋಡುತ್ತಾಳೆ, ಹಗ್ಗವನ್ನು ಎಳೆಎಳೆಯಾಗಿ ಬೆರಳಲ್ಲಿ ಹಿಡಿದು ನೋಡುತ್ತಾಳೆ. ಇದಕ್ಕೆ ಅವಳಿಗೆ ಅಪ್ಪಣೆಯಿಲ್ಲ, ಅವಳ ಹೆಸರಿಗೆ ದಿಡ್ಡಿಯಿಲ್ಲ. ಊರಿನವರು ಬೆಳಿಗ್ಗೆ ಬರುತ್ತಾರೆ, ಅವಳ ಮುಖ ನೋಡದೆ ನೀರು ಸೇದುತ್ತಾರೆ, ಕೊಡ ತುಂಬಿಸಿಕೊಂಡು ಹೋಗುತ್ತಾರೆ.